ಪೆನ್ಸಿಲ್ ತೂರುವಷ್ಟು

ನನ್ನ ಚೀಲದಲ್ಲಿ ವಿಷವಿಲ್ಲ, ಮೊದಲೇ ಹೇಳಿಬಿಡುತ್ತೇನೆ.
ಇರುವುದು ಉಕ್ಕಿನ ನಾರು, ಒಂದು ಡಬ್ಬಿ ಸಿಮೆಂಟು,
ಕರಣೆ, ಟಾರ್ಚು, ಮೋಟು ಪೆನ್ಸಿಲ್ಲು.
ಪೆನ್ಸಿಲ್ಲು ಬರೆಯಲಿಕ್ಕಲ್ಲ.
ಗೋಡೆಯ ತೂತಿಗೆ ತುರುಕಿ ನೋಡುತ್ತೇನೆ:
ಅದು ತೂರಿದರೆ ಸುಂಡಿಲಿಯೂ ತೂರುತ್ತದೆ.
ತಲೆ ಹೊಕ್ಕರೆ ಸಾಕು, ಮೈ ತಾನಾಗಿ ಹಿಂದೆ ಬರುತ್ತದೆ,
ಎರಡು ದಿನಕ್ಕೆಂದು ಬಂದ ಭಾವಮೈದುನನ ಸಾಮಾನಿನ ಹಾಗೆ.

ಡೊರಿಂದಾಳ ಬೇಕರಿ ಇರುವುದು ಗಲೀಸಿಯಾದ ಕಡಲಂಚಿನಲ್ಲಿ,
ಬಲೆ ಒಣಗಿಸುವ ಕಟ್ಟೆಗೆ ಬೆನ್ನು ಕೊಟ್ಟು.
ಇಲಿ ಎನ್ನಲು ಅವಳಿಗೆ ನಾಚಿಕೆ.
ಫೋನಿನಲ್ಲಿ ಪಿಸುಗುಟ್ಟಿದಳು:
"ಎಲಾದಿಯೊ, ಆ ಬಾಲದವರು ಬಂದಿದ್ದಾರೆ.
ಕತ್ತಲಾದ ಮೇಲೆ ಬಾ. ಗಾಡಿ ದೂರ ನಿಲ್ಲಿಸು."
ಊರಿಗೆಲ್ಲ ಇಲಿ ಇದೆ,
ಹೆಸರು ಮಾತ್ರ ಯಾರಿಗೂ ಬೇಡ.

ಹಿಟ್ಟಿನ ಮೂಟೆಗಳನ್ನು ಗೋಡೆಯಿಂದ ಒಂದು ಮೊಳ ಈಚೆಗೆಳೆದೆ.
"ಇಲ್ಲಿ ನೀನು ಓಡಾಡುವಷ್ಟು ಜಾಗ ಇರಲಿ.
ಮನುಷ್ಯರು ನಡೆಯದ ಕಡೆ ಅವು ನಡೆಯುತ್ತವೆ."
ಬಾಗಿಲಡಿಗೆ ತಗಡು ಹೊಡೆದೆ. ಮೋರಿಗೆ ಜಾಲರಿ.
ರೊಟ್ಟಿಚೂರಿನ ಬುಟ್ಟಿಗೆ ಮುಚ್ಚಳ ಬೇಕು ಎಂದೆ.
"ಬೆಕ್ಕು ಇದೆಯಲ್ಲ?" ಅಂದಳು.
ಇತ್ತು. ಒಲೆಯ ಮೇಲೆ, ನಿವೃತ್ತ ಪೋಲೀಸನ ಹಾಗೆ,
ಒಂದು ಕಣ್ಣು ತೆರೆದು, ಮುಚ್ಚಿತು.

ಬೆಟ್ಟ ಅಗೆದು ಇಲಿ ಹಿಡಿಯುವುದು ಬೇರೆಯವರ ಕಸುಬು.
ಇಲಿ ಬರುವ ಮೊದಲೇ ಬೆಟ್ಟಕ್ಕೆ ಬಿರಡೆ ಹಾಕುವುದು ನನ್ನದು.
ಇದು ಅಜ್ಜನಿಂದ ಬಂದದ್ದು.
ಅವನು ಕಲ್ಲುಕುಟಿಗ, ಕಾಲಿನ ಮೇಲೆ ನಿಲ್ಲುವ ಕಣಜ ಕಟ್ಟುತ್ತಿದ್ದ,
ಒಂದೊಂದು ಕಾಲಿನ ನೆತ್ತಿಗೂ ಅಗಲವಾದ ಕಲ್ಲಿನ ತಟ್ಟೆ.
ಹತ್ತಿ ಬಂದ ಇಲಿ ಅದರಡಿಯಲ್ಲಿ
ತಲೆಕೆಳಗಾಗಿ ಸ್ವಲ್ಪ ಯೋಚಿಸಿ, ಬೀಳುತ್ತದೆ.
ಮೆಟ್ಟಿಲೋ, ಬಾಗಿಲ ತನಕ ಹೋಗುವುದೇ ಇಲ್ಲ,
ಒಂದು ದಾಪು ಮೊದಲೇ ನಿಂತುಬಿಡುತ್ತದೆ.
"ಆ ಖಾಲಿಯನ್ನೂ ನಾನೇ ಕಟ್ಟಿದ್ದು" ಎನ್ನುತ್ತಿದ್ದ ಅಜ್ಜ.
"ಕಲ್ಲಿಗೆ ಕೂಲಿ ಕೊಟ್ಟರು. ಖಾಲಿಗೆ ಯಾರೂ ಕೊಡಲಿಲ್ಲ."

ಒಲೆಯ ಹಿಂದೆ, ಪೈಪು ಗೋಡೆ ಹೊಕ್ಕ ಕಡೆ,
ಪೆನ್ಸಿಲ್ಲು ಪೂರ್ತಿ ಹೋಯಿತು.
ಎರಡು ಬೆರಳೂ ಹೋದವು.
ಒಳಗೆ ಮೆತ್ತಗೆ ಒಂದು ಗೂಡು, ಒಡೆಯರು ಹೊರಗೆ ಹೋಗಿದ್ದರು.
ಎಳೆದರೆ ಗೋಣಿನಾರು, ಬೆಕ್ಕಿನದೇ ಕೂದಲು,
ಮತ್ತೆ ಕಾಗದ, ಹಿಡಿ ಹಿಡಿ ಕಾಗದ, ನೀಲಿ ಶಾಯಿಯದು.

ಡೊರಿಂದಾ ಟಾರ್ಚಿಗೆ ಹಿಡಿದು ಓದಿದಳು:
...ಮಿಂಚೊ, ಎರಡು, ದೊಡ್ಡ...
...ಎರುಂದಿನಾ, ಬುಧವಾರ ಕೊಡುತ್ತಾಳಂ...
ಅವಳ ಉದ್ರಿ ಪುಸ್ತಕ.
ದೋಣಿ ಇಳಿಯದ ಆ ಚಳಿಗಾಲದ್ದು, ಇಡೀ ಓಣಿಯ ಸಾಲ
ನುಣ್ಣಗೆ ಅಗಿದು ಹಾಸಿಗೆಯಾಗಿತ್ತು.

ಅವಳು ಮೂಟೆಯ ಮೇಲೆ ಕೂತಳು. ಅಳುತ್ತಾಳೆಂದುಕೊಂಡೆ.
ಏಪ್ರನ್ನಿಗೆ ಬಾಯೊತ್ತಿ ನಗುತ್ತಿದ್ದಳು.

ನನ್ನ ಅಂಗೈಯಲ್ಲೂ ಒಂದು ಚೂರಿತ್ತು:
'ಎಲಾದಿ', ಮುಂದಿನದು ಹಲ್ಲಿನ ಪಾಲು.
ಉಕ್ಕಿನ ನಾರಿನ ಜೊತೆ ಅದನ್ನೂ ಉಂಡೆಗಟ್ಟಿ
ತೂತಿಗೆ ತುರುಕಿದೆ. ಮೇಲೆ ಸಿಮೆಂಟು ಮೆತ್ತಿದೆ,
ಬೇಕಾದ್ದಕ್ಕಿಂತ ಎರಡು ಕರಣೆ ಹೆಚ್ಚು.

"ನಿನ್ನ ಕೂಲಿ ಎಷ್ಟು?" ಕೇಳಿದಳು.
ಕೈ ತೊಳೆದೆ. ಮತ್ತೆ ತೊಳೆದೆ.
"ಹನ್ನೊಂದು ರೊಟ್ಟಿಗೆ ಸರಿಹೋಯಿತು ಬಿಡು" ಅಂದೆ.

"ಹದಿನಾಲ್ಕು" ಅಂದಳು ಡೊರಿಂದಾ,
ಹಿಟ್ಟು ನಾದುತ್ತ, ತಲೆಯೆತ್ತದೆ.

ಪೆನ್ಸಿಲ್ಲು ತೆಗೆದೆ.
ಹಸಿ ಸಿಮೆಂಟಿನ ಮೇಲೆ, ಆ ಕಸುಬಿಗೆ ಬಂದ ಮೇಲೆ ಮೊದಲ ಸಲ,
ಬರೆದೆ:
ಬಾಕಿ ಮೂರು.