ಮುಕ್ಕಾಲಿ

ಬಾಗಿಲ ಗಂಟೆಗಿಂತ ಮೊದಲೇ ಕೇಳಿಸಿತು
ಗುನ್‌ವೋರಳ ಕೋಟಿನ ಜೇಬಿನಲ್ಲಿ ಟಿಕ್ ಟಿಕ್:
ಕೋವಿಯಿಂದ ಬಿಚ್ಚಿಟ್ಟ ಬೋಲ್ಟು
ಕೀಲಿಗೊಂಚಲಿಗೆ ತಾಗಿ ತಾಗಿ.

'ಎಯ್ಲೆವ್, ಒಂದು ಮುಕ್ಕಾಲಿ ತೋರಿಸು' ಅಂದಳು,
ಹಾಲು ಕರೆಯಲು ಮಣೆ ಕೇಳುವವಳ ಹಾಗೆ.

ನಲವತ್ತು ಸೆಪ್ಟೆಂಬರು ಹಿಮಸಾರಂಗದ ಹಿಂದೆ ನಡೆದವಳು,
ಬೆನ್ನುಚೀಲದ ಮೇಲೆ ಕೋವಿಯಿಟ್ಟು, ಬಂಡೆಗೆ ಎದೆಯೊತ್ತಿ.
ನನ್ನಂಗಡಿಯ ಕಡ್ಡಿ ಕೋಲುಗಳ ಕಂಡು
ನಗುತ್ತಿದ್ದವಳು.
ನಾನು ಏನೂ ಕೇಳಲಿಲ್ಲ. ಕಾಫಿ ಕೊಟ್ಟೆ.
ಬಟ್ಟಲು ಗಾಜಿನ ಕಟ್ಟೆಯ ಮೇಲೆ ಸಣ್ಣಗೆ ಹಲ್ಲು ಕಡಿಯಿತು.
ಇಬ್ಬರೂ ಕಿಟಕಿಯಾಚೆ ನೋಡಿದೆವು.

ಅಲ್ಯೂಮಿನಿಯಂ ಅಗ್ಗ, ಗಟ್ಟಿ.
ಆದರೆ ಇಬ್ಬನಿ ಹೆಪ್ಪುಗಟ್ಟಿದ ಬೆಳಗಲ್ಲಿ ಬರಿಗೈಲಿ ಮುಟ್ಟಿದರೆ
ಚರ್ಮವನ್ನೇ ಬಾಡಿಗೆ ಕೇಳುತ್ತದೆ.
ಕಾರ್ಬನ್ನು ಹೊರಲು ಹಗುರ, ಕೊಳ್ಳಲು ಭಾರ.
'ತಿರುಪಿನ ಬೀಗವೋ, ಮಡಚುವ ಬೀಗವೋ?'
'ಕೈಗವಸು ತೆಗೆಯದೆ ಆಗುವಂಥದ್ದು.'
ಜೌಗಿಗೆ ಮೊನೆ, ಕಲ್ಲುಹೂ ಹತ್ತಿದ ಬಂಡೆಗೆ ರಬ್ಬರು;
ಎರಡೂ ಬೇಕಂತೆ.
ನಡುಗಂಬ ಬೇಡ, ಅಂದೆ. ಎತ್ತರಿಸಿದಷ್ಟೂ ಅದು
ಕುಡಿದವನ ಕತ್ತು.
ನಿಲ್ಲುವ ಎತ್ತರಕ್ಕಿಂತ ಕೂರುವ ಎತ್ತರ ಮುಖ್ಯ.
ಗಾಳಿ ಬಂದರೆ ಈ ಕೊಕ್ಕೆಗೆ ಚೀಲ ನೇತುಹಾಕು.

ತೊಡಕಾದದ್ದು ತಲೆಯಲ್ಲಿ.
ಗುಂಡುತಲೆಯದಕ್ಕೆ ಕೋವಿ ಕೂರಬೇಕಾದರೆ
ಹಿಡಿಮರದಡಿಗೆ ಹಳಿ ಕೂರಿಸಬೇಕು,
ಎರಡು ತೂತು ಕೊರೆದು.
ಆ ಮರ ವಾಲ್‌ನಟ್ಟು, ಅವಳ ತಂದೆ ತಾಲ್ಲೇವ್ ಉಜ್ಜಿದ್ದು.
ಕೆನ್ನೆಯೊತ್ತುವಲ್ಲಿ ಎರಡು ತಲೆಮಾರಿನ ಎಣ್ಣೆಗಪ್ಪು.
ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯಾತ;
ಕೊನೆಯ ವರ್ಷ ತಂಬಿಗೆ ಹಿಡಿಯಲಾರದ ಕೈಯಲ್ಲೂ
ಕೋವಿ ಹಿಡಿದು ಹೋದ.
ಸಾರಂಗವೊಂದು ದವಡೆ ಒಡೆದುಕೊಂಡು
ಎರಡು ದಿನ ಕಣಿವೆಯಲ್ಲಿ ಅಲೆಯಿತು.
ಹುಡುಕಿ ಮುಗಿಸಿದ್ದು ಇವಳು.
ಆ ಮಾತು ಈ ಊರಲ್ಲಿ ಯಾರೂ ಎತ್ತುವುದಿಲ್ಲ.

'ಮರ ಕೊರೆಯದೆ, ದವಡೆಯಂತೆ ಕಚ್ಚುವ ಹಿಡಿಕೆಯೂ ಇದೆ,
ತೊಗಲು ಹಾಕಿ ಬಿಗಿದರೆ ಗೀರಾಗದು' ಅಂದೆ.
ದವಡೆ ಅನ್ನಬಾರದಿತ್ತು.
ಅವಳು ಕೋವಿ ಬೋರಲು ಮಾಡಿ, ಹೆಬ್ಬೆರಳ ಹೊರಳಿಸಿ
ಮರದ ನರ ತಡವಿದಳು, ತುಂಬ ಹೊತ್ತು.
'ಯಾವುದು ಕಡಿಮೆ ಅಲುಗುತ್ತದೆ?'
'ಹಳಿ.'
'ಹಾಗಾದರೆ ಕೊರೆ.'

ಕೊರೆದೆ. ಬೂದಿಬಣ್ಣದ ಪುಡಿ ಹಾರಲಿಲ್ಲ,
ಕಂದು ಸುರುಳಿಗಳು ಬಿದ್ದವು; ಒಂದನ್ನು ಮೂಸಿದಳು.

ಬರಿಗೋವಿಯನ್ನು ಮುಕ್ಕಾಲಿಗೇರಿಸಿ
ನದಿಯಾಚೆಯ ಗುಡ್ಡದಲ್ಲಿ ಉಳಿದ ಹಿಮದ ತೇಪೆಗೆ ಹಿಡಿದಳು.
ದೂರದರ್ಶಕದಲ್ಲಿ ಗೀಟು ತೂಗಿತು,
ಇಷ್ಟಿಷ್ಟೇ ಕಿರಿದಾಯಿತು,
ನಿಂತಿತು.
ಅವಳ ಉಸಿರೂ ನಿಂತಿತ್ತು, ನನ್ನದೂ.

ಜೇಬಿನಲ್ಲಿ ಮಾತ್ರ
ಬೋಲ್ಟು, ಕೀಲಿ ಇನ್ನೂ ಮಾತಾಡುತ್ತಿದ್ದವು.