ಗೊರಟಕ್ಕ ನೆನಪಿಲ್ಲ

ಆಪೂಸ ತಿಂದು ಅದರ ಗೊರಟ ಹಿತ್ತಲದಾಗ ಊರಿದ್ದೆ,
ಒಂಬತ್ತು ವರ್ಷದಾಕಿ ಇದ್ದಾಗ.
ಗಿಡ ಬಂತು. ಆರು ವರ್ಷ ಕಾದೆ.
ಕಾಯಿ ಹಿಡೀತು: ಸಣ್ಣದು, ಬರೇ ನಾರು, ಹುಳಿ,
ಹಲ್ಲಿನ ಸಂದ್ಯಾಗ ಸಿಕ್ಕರ ಬಿಡಲಾರದ್ದು.
ಅಪ್ಪ ನಕ್ಕ, "ಉಪ್ಪಿನಕಾಯಿಗಾತು ಬಿಡು."

ಮಕ್ತುಮಸಾಬ ನಗಲಿಲ್ಲ.
ಕಿತ್ತೂರ ಹಾದ್ಯಾಗ ಅವನ ನರ್ಸರಿ,
ಗೋಣಿತಟ್ಟಿನ ನೆರಳು, ಸಾಲಸಾಲ ಕರೀ ಚೀಲ.
"ಗೊರಟಕ್ಕ ತಾಯಿ ನೆನಪಿರೂದಿಲ್ಲ, ಫಕೀರವ್ವ,
ನೆನಪಿರೂದು ಗಾಯಕ್ಕ"
ಅಂದು ಚೂರಿ ನನ್ನ ಕೈಯಾಗಿಟ್ಟ.

ನಲವತ್ತನಾಕು ಮಳಿಗಾಲ ಆತು.
ಅವನ ಬೈಗಳ ಇನ್ನೂ ಕಿವ್ಯಾಗೈತಿ:
ಮೊಳಕಿ ಎಲಿ ತಾಮ್ರದಾಂಗ ಇರೂತನಕ ಕೊಯ್ಯಿ,
ಹಸರಾತಂದ್ರ ಅದಕ್ಕ ಸೊಕ್ಕು,
ಪರರನ್ನ ಒಳಗ ಬಿಟ್ಟುಕೊಳ್ಳೂದಿಲ್ಲ.
ಕಡ್ಡಿ ಬೆಣಿಯಾಂಗ ಕೆತ್ತು. ಉಸರು ಹಿಡಿ.
ಕೊಯ್ದ ಕಡೆ ಬಟ್ಟು ಮುಟ್ಟಿಸಬ್ಯಾಡ.
ತೊಗಲಿಗೆ ತೊಗಲು ಕೂಡಿಸಿ ಪಟ್ಟಿ ಸುತ್ತು,
ಬಾಣಂತಿ ಹೊಟ್ಟಿಗೆ ಸುತ್ತಿದಾಂಗ,
ಬಿಗೀನೂ ಇರಬೇಕು, ಉಸರಾಡಾಕೂ ಬರಬೇಕು.
ಇಪ್ಪತ್ತನೇ ದಿವಸ ಕಣ್ಣು ಬಿಟ್ಟರ ನಿಂದು,
ಬಿಡಲಿಲ್ಲಂದ್ರ ದೇವರದು.

ರಾತ್ರಿ ನಿದ್ದಿ ಬರದಾಗ ಯೋಚನಿ ಮಾಡ್ತೀನಿ:
ಖಾನಾಪುರದ ತೋಟದ್ದು, ಬೈಲಹೊಂಗಲದ ಬದುವಿಂದು,
ಘಟ್ಟದಾಚಿ ಸಮುದ್ರದ ದಂಡಿದು,
ಎಲ್ಲಾ ಒಂದೇ ಗಿಡ.
ಯಾವಾಗೋ ಎಲ್ಲೋ ಹುಟ್ಟಿದ ಒಂದೇ ಒಂದು ಗಿಡ
ಕೈಯಿಂದ ಕೈಗೆ ಗಾಯಾಗಿ ದಾಟಿಕೋತ
ಇನ್ನೂ ಸತ್ತಿಲ್ಲ.

ಸೊಕ್ಕು ನನಗೂ ಬಂದಿತ್ತು ಒಂದು ವರ್ಷ.
ಬಾವಿ ದಂಡಿ ಗಿಡ, ನಾನ ಕಟ್ಟಿದ್ದು.
ಭತ್ತದ ಹುಲ್ಲಾಗ ಅಡಿ ಹಾಕಿದ ಹಣ್ಣು
ಬಿಚ್ಚಿದರ ಪಡಸಾಲಿ ತುಂಬ ಘಮ,
ತೊಗಲ ಮ್ಯಾಲೆ ಒಂದು ಕಲಿ ಇಲ್ಲ.
ಬೆಳಗಾವಿ ದಲಾಲ ಒಂದು ಕೊಯ್ದ, ಇನ್ನೊಂದು ಕೊಯ್ದ,
ಮಾತಾಡದ ಚಾಕು ಒರಸಿಕೊಂಡ.
ಗೊರಟದ ಸುತ್ತ ಬೆಳ್ಳಗ, ಬೆಂಡು,
ಹೊರಗ ಒಂದು ಸುಳುವೂ ಕೊಡದ.
ಹನ್ನೆರಡು ಪೆಟ್ಟಿಗಿ ಎಮ್ಮಿಗೆ ಸುರಿವಿದಿವಿ.
ಎಮ್ಮಿ ಮಾತ್ರ ಹೆಸರಿಡಲಿಲ್ಲ.

ಮಕ್ತುಮಸಾಬಗ ಆಗಲೇ ಕಣ್ಣು ಹೋಗಿದ್ದುವು.
ಗಿಡದ ಬುಡಕ್ಕ ಕುಂತು ಅಂಗೈ ಊರಿದ.
"ನೆಲ ಸುಡಾಕತ್ತೈತಿ. ಯಾರು ಕಸಾ ಹೊಡದವರು ಇಲ್ಲಿ?"
ನಾನ. ದಿನಾ. ಮನಿ ಅಂಗಳದಾಂಗ.
ಬತ್ತಲ ನೆಲ ಹಗಲೆಲ್ಲಾ ಬಿಸಲು ಕುಡದು
ಮ್ಯಾಲಿನ ಕಾಯಿಗೆ ಕಾವು ಉಗುಳಿತ್ತು.
ಅಂದಿನಿಂದ ಉದುರಿದ ಎಲಿ ಉದುರಿದಲ್ಲೇ,
ಕಸಬರಗಿ ಹಿಡದು ಬಂದ ಸೊಸಿಗೆ ಬೈಗಳ.

ಮಂದಿ ಔಷಧ ಕೇಳಾಕ ಬರ್ತಾರ. ನಾ ವೈದ್ಯಗಾರ್ತಿ ಅಲ್ಲ.
ಝಳ ಬಡದು ಬಂದವರಿಗೆ
ಕಾಯಿ ಸುಟ್ಟು ಹಿಚುಕಿ, ಬೆಲ್ಲ ಜೀರಗಿ ಉಪ್ಪು ಕಲಸಿದ ನೀರು.
ಸಂಜಿ ಆದರ ಕಣ್ಣು ಕಾಣೂದಿಲ್ಲ ಅನ್ನೂ ಕೂಸಿಗೆ
ಉಡ್ಯಾಗ ನಾಕು ಹಣ್ಣು ಹಾಕಿ,
ಮದಲ ದವಾಖಾನಿಗೆ ಹೋಗ್ರಿ ಅಂತೀನಿ.
ತಾಸೊತ್ತು ನೀರಾಗ ಇಟ್ಟು ತಿನ್ರಿ,
ಸೊನಿ ತುಟಿ ಸುಡ್ತೈತಿ ಅಂತೀನಿ.
ನನಗ ಗೊತ್ತಿದ್ದದ್ದು ಇಷ್ಟ.

ಇಷ್ಟು ಹೇಳೂ ನನಗ ಸಕ್ಕರಿ ಬ್ಯಾನಿ, ಐದು ವರ್ಷಾತು.
ಡಾಕ್ಟರಬಾಯಿ ಮುರಗೋಡ ಬೆರಳು ತೋರಿಸಿ ಹೇಳಿದಳು:
"ಎರಡು ಹೋಳು, ಅಜ್ಜಿ. ಆವತ್ತ ಒಂದು ರೊಟ್ಟಿ ಕಡಿಮಿ.
ಶೀಕರಣಿ ಹೆಸರು ಎತ್ತಬ್ಯಾಡ್ರಿ."
ತಾಟಿನಾಗಿಂದ ರೊಟ್ಟಿ ತಗದಿಡ್ತೀನಿ,
ಜ್ವಾಳ ತಿಂದು ಬೆಳದ ಕೈ ನಡಗ್ತೈತಿ.
ಒಂದು ಹೋಳು ನುಂಗ್ತೀನಿ.
ಇನ್ನೊಂದು ಬಾಯಾಗಿಟ್ಟುಕೊಂಡು ಕುಂದರ್ತೀನಿ,
ಯಾರು ಮಾತಾಡಿಸಿದರೂ ಹೂಂ ಅನ್ನೂದಿಲ್ಲ.

ಹಿತ್ತಲದ ಆ ಹುಳಿ ಗಿಡ? ಐತಿ.
ಕಡೀರಿ ಅಂದರು, ಕಡೀಲಿಲ್ಲ.
ವರ್ಷಾ ಅದರ ಗೊರಟನ ಚೀಲದಾಗ ಊರ್ತೀನಿ,
ಅದರ ಮರಿ ಬೇರಿನ ಮ್ಯಾಲೇ ಆಪೂಸ ಕಟ್ತೀನಿ.
ಪೆಟ್ಟಿಗಿ ಮ್ಯಾಲೆ ಅದರ ಹೆಸರು ಯಾರೂ ಬರಿಯೂದಿಲ್ಲ.

ಸಾಕು ಮಾತು.
ಇನ್ನೂ ನೂರಾ ಹತ್ತು ಚೀಲ ಅದಾವು,
ಎಲಿ ಆಗಲೇ ಹಸರಾಗಾಕತ್ತಾವು.