ಎರಡು ಅಳತೆ

(ಪರ್ಷಿಯಾ ಕೊಲ್ಲಿಯ ತಲೆಯಲ್ಲಿ ಆಂಪೆ ಎಂಬ ಊರು. ಗ್ರೀಕರ ಮಿಲೇತಸ್ ಬಿದ್ದ ಹದಿನಾರನೆಯ ವರ್ಷ. ಅಲ್ಲಿಂದ ಸೆರೆ ಬಂದ ನೇಕಾರಳು ಮಿಕ್ಕಾ, ಲೆಕ್ಕದವನಿಗೆ ಹೇಳಿದ್ದು.)

ಕೂತುಕೋ ಮಿತ್ರಪಾತ. ಜೊಂಡಿನ ಚಾಪೆ, ಚುಚ್ಚುತ್ತದೆ;
ಇದಕ್ಕಿಂತ ಒಳ್ಳೆಯದು ಈ ಕೆಸರಿನಲ್ಲಿ ಬೆಳೆಯುವುದಿಲ್ಲ.

ಮೊದಲ ಸಲ ನೀನು ಬಂದಾಗ
ಹೆರಿಗೆಯ ನೀರು ನೆಲದಲ್ಲಿ ಇನ್ನೂ ಆರಿರಲಿಲ್ಲ.
ಗಂಡೋ ಹೆಣ್ಣೋ ಎಂದೆ, ಬಾಗಿಲಾಚೆಯೇ ನಿಂತು.
ಗಂಡು ಹೆತ್ತವಳಿಗೆ ಎರಡು ಅಳತೆ ಬಾರ್ಲಿ,
ಹೆಣ್ಣಾದರೆ ಒಂದು. ದೊರೆಯ ಕಟ್ಟಳೆ.
ಹಸಿ ಜೇಡಿಯ ಹಲಗೆಗೆ ಕಡ್ಡಿಯೂರಿ
ಒತ್ತಿಬಿಟ್ಟೆ ನನ್ನ ಮಗನನ್ನು.
ಪಕ್ಕದ ಇನ್ಸಬ್ತು ಹೆಣ್ಣು ಹೆತ್ತು ಅತ್ತಳು.
ನಾನು ನಕ್ಕೆ. ಗಂಡನನ್ನು ಕೋಟೆಯ ಬುಡದಲ್ಲಿ ಬಿಟ್ಟು
ಅಷ್ಟು ದೂರ ನಡೆದು ಬಂದವಳು
ಮೊದಲ ಬಾರಿ ನಕ್ಕೆ, ಬಾರ್ಲಿಗಾಗಿ.

ಸಮುದ್ರ ಕಂಡು ಹುಟ್ಟಿದವಳು. ಇದೂ ಸಮುದ್ರವಂತೆ.
ದಿನಕ್ಕೆರಡು ಸಲ ಉಬ್ಬರ ಬಂದು
ನದಿಯ ಕುತ್ತಿಗೆ ಹಿಡಿದು ಹಿಂದಕ್ಕೆ ತಳ್ಳುತ್ತದೆ.
ನೀರು ಬಂದ ದಾರಿಯಲ್ಲೇ ತಿರುಗಿ ಹೋಗುವುದನ್ನು
ಮೊದಲ ವರ್ಷ ನಾವೆಲ್ಲ ದಡದಲ್ಲಿ ಕೂತು ನೋಡುತ್ತಿದ್ದೆವು,
ಖರ್ಜೂರದ ಬೀಜ ಉಗುಳುತ್ತ.
ಆಮೇಲೆ ಬಿಟ್ಟೆವು. ಮಗ್ಗ ಕಾಯುತ್ತಿತ್ತು.

ಎರಡನೆಯ ಸಲ ಕೋಲು ಹಿಡಿದು ಬಂದೆ.
ಭುಜ ಕೋಲಿನ ಗೀಟು ಮುಟ್ಟಿದರೆ ಗಂಡಸು.
ಹದಿಮೂರು ತುಂಬಿಲ್ಲ ಎಂದೆ. ನಿನಗೂ ಗೊತ್ತಿತ್ತು,
ಬರೆದವನು ನೀನೇ ತಾನೆ?
ದೋಣಿಗೆ ಡಾಂಬರು ಬಳಿಯುತ್ತಿದ್ದ ಕಪ್ಪು ಕೈಯಲ್ಲೇ
ಹೊರಟ ನನ್ನ ಕ್ಲೇಸಿಸ್.
ಯಾರ ಮೇಲೆ ಯುದ್ಧ ಎಂದು ಕೇಳಿದ.
ನಮ್ಮವರ ಮೇಲೆ ಎನ್ನಲು ಬಾಯಿ ತೆರೆದೆ.
ನಮ್ಮವರೆಂದರೆ ಯಾರು? ಲಾದೆಯ ಕಾಳಗದ ನಡುವೆ
ಹಾಯಿ ಎತ್ತಿ ಮನೆಗೋಡಿದ ಸಾಮೋಸಿನವರೇ?
ಇಪ್ಪತ್ತು ಹಡಗು ತಂದು, ಸಾರ್ದಿಸ್ ಸುಟ್ಟು,
ಕೆಂಡ ನಮ್ಮ ಮಡಿಲಿಗೆ ಸುರಿದು ಹೋದ ಅಥೆನ್ಸಿನವರೇ?
ಕೊಟ್ಟ ಹೆಣ್ಣು ಕುಲಕ್ಕೆ ಹೊರಗು.
ಕಿತ್ತ ಊರು?

ಬುತ್ತಿ ಕಟ್ಟಿದೆ: ಒಣಮೀನು, ಖರ್ಜೂರ, ಒಂದು ಮಾತು.
ಮನೆಯಲ್ಲಿ ನಾನು ಏನೇ ಆಡಲಿ
ಹಡಗುಕಟ್ಟೆಯ ನುಡಿಯಲ್ಲೇ ಉತ್ತರ ಕೊಡುತ್ತಿದ್ದ ಹುಡುಗ.
ಸಿಕ್ಕಿಬಿದ್ದರೆ ನಮ್ಮ ಮಾತಿನಲ್ಲಿ ನೀರು ಕೇಳು ಎಂದೆ.
ಉದೋರ್. ಹೇಳು. ಉದೋರ್.
ಕೊನೆಯ ಅಕ್ಷರವನ್ನು ಇಲ್ಲಿಯವರಂತೆ
ಗಂಟಲಲ್ಲಿ ಉರುಳಿಸಿದ. ಇನ್ಸಬ್ತುವಿನ ಮಗಳು ನಕ್ಕಳು.

ಈಗ ಮೂರನೆಯ ಸಲ. ಹೇಳುತ್ತೀಯೋ, ನಾನೇ ಹೇಳಲೋ?
ನಾವಿಕರ ಬಾಯಲ್ಲಿ ಸುದ್ದಿ ನಿನಗಿಂತ ಮೊದಲೇ ಬಂತು.
ಮೀಕಲೆ ಬೆಟ್ಟದ ಬುಡದಲ್ಲಿ ದೊರೆಯ ಹಡಗು ಉರಿದವಂತೆ.
ಮೀಕಲೆ ನನಗೆ ಗೊತ್ತು. ನಮ್ಮ ಮಾಳಿಗೆಯಿಂದ ಕಾಣುತ್ತಿತ್ತು,
ನೀರಿನಾಚೆ, ಉಳುಮೆ ಮುಗಿಸಿದ ಎತ್ತಿನ ಹಾಗೆ ಮಲಗಿ.
ಸೋತು ಬೆಟ್ಟ ಹತ್ತುವವರಿಗೆ ಕಾಲುದಾರಿ ತೋರಲು
ಮಿಲೇತಸಿನವರನ್ನೇ ನಿಲ್ಲಿಸಿದ್ದರಂತೆ,
ಹಿಂದೆ ಉಳಿದವರನ್ನು, ನನ್ನ ಓಣಿಯವರನ್ನು.
ಅವರು ತೋರಿದ ದಾರಿಯೆಲ್ಲ ಇಳಿದದ್ದು ಶತ್ರುವಿನ ಬಾಯಿಗೆ;
ಆಮೇಲೆ ಅವರೇ ಕತ್ತಿ ಹಿರಿದರಂತೆ.

ನಿನ್ನ ಹಲಗೆಯಲ್ಲಿ ಇದಕ್ಕೆ ಜಾಗವಿಲ್ಲ, ಆದರೂ ಕೇಳುತ್ತೇನೆ.
ಅವನು ಯಾವ ನುಡಿಯಲ್ಲಿ ದಾರಿ ಕೇಳಿದ?
ದಾರಿ ಎಂಬ ಮಾತು ನಾನು ಕಟ್ಟಿಕೊಟ್ಟಿರಲಿಲ್ಲ.
ನೀರೊಂದೇ.

ಎರಡು ಅಳತೆ ವಾಪಸು ಬೇಕೇನು? ತಗೋ, ಮೊರದಲ್ಲಿದೆ.
ಬೇಗ ಹೊರಡು, ಉಬ್ಬರ ಏರುತ್ತಿದೆ.
ಇನ್ನು ಸ್ವಲ್ಪ ಹೊತ್ತಿಗೆ ನಿನ್ನ ದೋಣಿ
ನೀನು ಹೇಳಿದ ಕಡೆ ಹೋಗುವುದಿಲ್ಲ.